ಶ್ರೀಮಂತ ಮನೆಗಳ ದುಡ್ಡು ನೋಡಿಕೊಳ್ಳೋ ಕೆಲಸ ಹೇಗಿರುತ್ತೆ? ಒಳಗಿರುವವರು ಹೇಳಿ

ಸಾಲದ_ಡೆಸ್ಕ್:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನನಗೆ 29 ವರ್ಷ. ಆರು ವರ್ಷದಿಂದ ಒಂದು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೇನೆ. ಸಾಲ ಕೇಳಿ ಬಂದ ಕಂಪನಿಗಳ ಬ್ಯಾಲೆನ್ಸ್ ಶೀಟ್ ಓದುವುದು, ಕೊಡಬಹುದೋ ಬೇಡವೋ ಅಂತ ನೋಟ್ ಬರೆಯುವುದು, ಇಷ್ಟೇ. ಚೆನ್ನಾಗಿಯೇ ಮಾಡುತ್ತೇನೆ, ಆದರೆ ಬೇಸರ ಬಂದಿದೆ. ಈಗ ಒಂದು ವೆಲ್ತ್ ಮ್ಯಾನೇಜ್‌ಮೆಂಟ್ ಕಂಪನಿಯವರು ರಿಲೇಶನ್‌ಶಿಪ್ ಮ್ಯಾನೇಜರ್ (ಆರ್‌ಎಂ) ಕೆಲಸಕ್ಕೆ ಕರೆದಿದ್ದಾರೆ. ದೊಡ್ಡ ದುಡ್ಡಿರುವ ಮನೆಗಳನ್ನು ನೋಡಿಕೊಳ್ಳಬೇಕು. ಸಂಬಳ ಈಗಿನದಕ್ಕಿಂತ ಹೆಚ್ಚುಕಮ್ಮಿ ಎರಡರಷ್ಟು. ಅದರಲ್ಲಿ ಗ್ಯಾರಂಟಿ ಎಷ್ಟು, ಗಾಳಿ ಎಷ್ಟು ಅಂತ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ.

ಮೊದಲನೇ ಇಂಟರ್‌ವ್ಯೂಗೆ ರಾತ್ರಿಯೆಲ್ಲ ಓದಿಕೊಂಡು ಹೋಗಿದ್ದೆ. ಬಡ್ಡಿ ಏರಿದರೆ ಬಾಂಡ್ ಬೆಲೆ ಯಾಕೆ ಇಳಿಯುತ್ತದೆ, ಡ್ಯುರೇಶನ್ ಅಂದರೇನು, ಎಲ್ಲ. ಒಂದನ್ನೂ ಕೇಳಲಿಲ್ಲ. ಕೇಳಿದ್ದು ಎರಡೇ: "ನಿಮಗೆ ಪರಿಚಯ ಇರುವ ಶ್ರೀಮಂತರ ಮನೆ ಎಷ್ಟು? ಮೊದಲನೇ ವರ್ಷ ಎಷ್ಟು ಎಯುಎಂ ತರುತ್ತೀರಿ?" ಎಯುಎಂ ಅಂದರೆ ಕಂಪನಿ ನೋಡಿಕೊಳ್ಳುವ ಕ್ಲೈಂಟ್‌ಗಳ ಒಟ್ಟು ದುಡ್ಡು. ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೆ ಗೊತ್ತಿರುವ ಶ್ರೀಮಂತರೆಲ್ಲ ಸಾಲ ಕೇಳಲು ಬಂದವರೇ! ಅದನ್ನೇ ಹೇಳಿದೆ. ಅವರು ನಕ್ಕರು. ಆದರೂ ಎರಡನೇ ರೌಂಡ್‌ಗೆ ಕರೆದರು. ಕೊನೆಯದು ಮುಂದಿನ ವಾರ ಇದೆ.

ನನ್ನ ತಲೆಯಲ್ಲಿರುವುದು ಇದು. ಇದು ನಿಜವಾಗಿ ಸಲಹೆ ಕೊಡುವ ಕೆಲಸವಾ, ಇಲ್ಲ ಟೈ ಕಟ್ಟಿಕೊಂಡು ಮಾಡುವ ಸೇಲ್ಸಾ? ದಿನವಿಡೀ ಏನು ಮಾಡುತ್ತೀರಿ? ನಾನು ಸಾಧಾರಣ ಮನೆಯಿಂದ ಬಂದವನು. ತಿಂಗಳ ಕೊನೆಗೆ ಅಪ್ಪ ಲೆಕ್ಕದ ಪುಸ್ತಕ ತೆಗೆದು ಕೂತರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅಂಥವನು ಹೋಗಿ ಅಷ್ಟೊಂದು ದುಡ್ಡಿರುವವರ ಎದುರು ಕೂತು "ನೀವು ಹೀಗೆ ಮಾಡಿ" ಅಂದರೆ ಕೇಳುತ್ತಾರಾ? ಆಮೇಲೆ ಪರೀಕ್ಷೆ: ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯದ್ದು) ಮಾಡಬೇಕಾ, ಸಿಎಫ್‌ಪಿ (ಮನೆಯ ಹಣಕಾಸು ಯೋಜನೆಯದ್ದು) ಸಾಕಾ? ಹೋಗು ಅಥವಾ ಬೇಡ ಅಂತ ಮಾತ್ರ ಹೇಳಬೇಡಿ, ಯಾಕೆ ಅಂತಾನೂ ಹೇಳಿ.

ಒಂದೇ_ಸಾಲು:

ಪರಿಚಯ ಇಲ್ಲದೆ ಹೋದರೆ ನಿಮ್ಮ ಆಯಸ್ಸು 18 ತಿಂಗಳು. ನನ್ನ ಜೊತೆ 11 ಜನ ಸೇರಿದ್ದರು. ಎರಡನೇ ವರ್ಷದ ಕೊನೆಗೆ ಉಳಿದವರು ಇಬ್ಬರು. ಒಬ್ಬ ಮ್ಯಾನೇಜರ್‌ನ ಅಳಿಯ, ಇನ್ನೊಬ್ಬಳು ನಿಜಕ್ಕೂ ಕೆಲಸ ಬಲ್ಲವಳು. ನಾನು ಇಬ್ಬರೂ ಅಲ್ಲ.

ಹಳೇ_ನೋಟ್‌ಬುಕ್:

ಮೇಲಿನವರು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ತಮ್ಮಾ, ನಾನು ವಯಸ್ಸಲ್ಲಿ ದೊಡ್ಡವನು, ಏಕವಚನದಲ್ಲೇ ಬರೆಯುತ್ತೇನೆ.

2006ರಿಂದ ಇದೇ ಕೆಲಸ. ಮೂರು ಕಂಪನಿ ನೋಡಿದೆ, ಈಗ ಸ್ವಂತದ್ದೊಂದು ಸಣ್ಣದು. ನನ್ನ ಹತ್ತಿರ 34 ಮನೆಗಳಿವೆ. ಕ್ಲೈಂಟ್ ಅನ್ನದೆ ಮನೆ ಅಂತ ಬೇಕಂತಲೇ ಬರೆದೆ. ಖಾತೆ ಒಬ್ಬರ ಹೆಸರಲ್ಲಿರುತ್ತದೆ, ಆದರೆ ನಿನ್ನ ಎದುರಿಗೆ ಇಡೀ ಮನೆ ಕೂತಿರುತ್ತದೆ, ಬಾರದವರೂ ಸೇರಿ.

ಸೇಲ್ಸಾ ಅಂತ ಕೇಳಿದೆ. ಹೌದು, ಮೊದಲ ನಾಲ್ಕೈದು ವರ್ಷ ಸೇಲ್ಸೇ. ಪ್ರತಿ ತಿಂಗಳೂ "ಈ ತಿಂಗಳ ಪ್ರಾಡಕ್ಟ್" ಅಂತ ಒಂದು ಬರುತ್ತದೆ. ಸೋಮವಾರ ಬೆಳಿಗ್ಗೆ ಕಾಲ್‌ನಲ್ಲಿ ಯಾರು ಎಷ್ಟು ಮಾರಿದರು ಅಂತ ಹೆಸರು ಹಿಡಿದು ಕೇಳುತ್ತಾರೆ. ನೀನು ಗಿಣಿಪಾಠ ಒಪ್ಪಿಸುತ್ತೀಯ. ಆ ಪ್ರಾಡಕ್ಟ್ ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ಆ ತಿಂಗಳು 34 ಮನೆಗೂ ಅದೇ ಬೇಕಾಗಿರುತ್ತದಾ? ಎಂಟು ವರ್ಷದ ಹುಡುಗನಿಗೂ ಎಂಬತ್ತರ ಅಜ್ಜನಿಗೂ ಒಂದೇ ಅಳತೆಯ ಅಂಗಿ ಹೊಲಿದ ಹಾಗೆ.

ಹೆಸರು ನೋಡಿ ಮೋಸ ಹೋಗುವುದು ಕ್ಲೈಂಟ್‌ಗಳು ಮಾತ್ರ ಅಲ್ಲ, ನಾವೂ ಹೋಗುತ್ತೇವೆ. 2023ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕನ್ನು ಅಲ್ಲಿನದೇ ಯುಬಿಎಸ್ ಬ್ಯಾಂಕ್ ತೆಗೆದುಕೊಂಡಾಗ ಏನಾಯಿತು ನೆನಪಿದೆಯಾ? ಸುಮಾರು 16 ಬಿಲಿಯನ್ ಸ್ವಿಸ್ ಫ್ರಾಂಕ್ ಮೊತ್ತದ ಎಟಿ1 ಬಾಂಡ್‌ಗಳನ್ನು (ಬ್ಯಾಂಕ್ ಕಷ್ಟಕ್ಕೆ ಸಿಕ್ಕರೆ ಅಳಿಸಿಹಾಕಬಹುದು ಅಂತ ಷರತ್ತಿರುವ ಬಾಂಡ್) ಸೊನ್ನೆ ಮಾಡಿಬಿಟ್ಟರು. ಷೇರು ಇಟ್ಟುಕೊಂಡವರಿಗೆ ಸ್ವಲ್ಪವಾದರೂ ಸಿಕ್ಕಿತು, ಬಾಂಡ್ ಇದ್ದವರಿಗೆ ಏನೂ ಇಲ್ಲ. ಬಾಂಡ್ ಅಂದರೆ ಷೇರಿಗಿಂತ ಸೇಫ್ ಅಂತ ಎಲ್ಲರೂ ಓದಿಕೊಂಡಿದ್ದೇ. ಆ ಬಾಂಡಿನ ಷರತ್ತುಗಳಲ್ಲಿ ಏನು ಬರೆದಿತ್ತು ಅಂತ ಪೂರ್ತಿ ಓದಿದ ಆರ್‌ಎಂಗಳು ನನಗೆ ಗೊತ್ತಿರುವವರಲ್ಲಿ ಒಬ್ಬರೋ ಇಬ್ಬರೋ. ನೀನು ಸಾಲದ ಕಾಗದ ಓದುವವನು. ಸಣ್ಣ ಅಕ್ಷರ ಓದುವ ಅಭ್ಯಾಸ ನಿನಗಿದೆ. ಇದು ಈ ಲೈನಿನಲ್ಲಿ ಕಡಿಮೆ ಸಿಗುವ ಗುಣ, ಅದನ್ನು ಬಿಡಬೇಡ.

ಇನ್ನೊಂದು ವಿಷಯ, ಇದನ್ನು ನಿನಗೆ ಯಾರೂ ಹೇಳಿರಲ್ಲ. ಶ್ರೀಮಂತರ ದುಡ್ಡು ಅಂದರೆ ಬಹಳ ಸಲ ಷೇರು, ಬಾಂಡಿನ ಪೋರ್ಟ್‌ಫೋಲಿಯೋ ಅಲ್ಲ, ಅವರ ಸ್ವಂತ ಕಂಪನಿ. ನಾವು ನೋಡುವುದು ಅದರಿಂದ ಹೊರಗೆ ಬಿದ್ದ ಚೂರನ್ನು. ಆ ಕಂಪನಿಯ ಸಾಲಕ್ಕೆ ಇವರೇ ಸ್ವಂತ ಗ್ಯಾರಂಟಿ ಸಹಿ ಹಾಕಿರುತ್ತಾರೆ. ಕಂಪನಿ ಬಿದ್ದರೆ ಪೋರ್ಟ್‌ಫೋಲಿಯೋನೂ ಹೋಗುತ್ತದೆ. ನಮ್ಮ ಕಡೆಯವರು ಷೇರು ಇಷ್ಟು, ಬಾಂಡ್ ಇಷ್ಟು ಅಂತ ಬಣ್ಣಬಣ್ಣದ ಚಕ್ರ ಬರೆದು ತೋರಿಸುತ್ತಾರೆ, ಆದರೆ "ನಿಮ್ಮ ಸಹಿ ಯಾವ ಯಾವ ಸಾಲದ ಕಾಗದದ ಮೇಲಿದೆ?" ಅಂತ ಕೇಳುವುದೇ ಇಲ್ಲ. ನೀನು ಕೇಳುತ್ತೀಯ. ಮೊದಲ ಭೇಟಿಯಲ್ಲೇ ಕೇಳು. ಅವರು ನಿನ್ನನ್ನು ನೋಡುವ ರೀತಿಯೇ ಬದಲಾಗುತ್ತದೆ.

ದಿನವಿಡೀ ಏನು ಅಂದೆ. ಮಾರ್ಕೆಟ್ ನೋಡುವುದು ಬೆಳಿಗ್ಗೆ ಅರ್ಧ ಗಂಟೆ. ಉಳಿದದ್ದು ಫೋನು, ಕಾಗದ, ಕಾಯುವುದು. ಕೆವೈಸಿ ಒಂದು ದೊಡ್ಡ ತಲೆನೋವು. ಎಪ್ಪತ್ತು ದಾಟಿದ ಹಿರಿಯರ ಎದುರು ಕೂತು "ಈ ದುಡ್ಡು ಎಲ್ಲಿಂದ ಬಂತು, ದಾಖಲೆ ಕೊಡಿ" ಅಂತ ಕೇಳಬೇಕು, ಅವರಿಗೆ ಅವಮಾನ ಆಗಬಾರದು, ಕಾಗದವೂ ಸಿಗಬೇಕು. ಬೆಣ್ಣೆಯಿಂದ ಕೂದಲು ತೆಗೆಯುವುದು ಅಂದರೆ ಇದೇ. ಅದು ಬಿಟ್ಟರೆ ಅಣ್ಣ ತಮ್ಮ ಇಬ್ಬರೂ ನಿನ್ನ ಕ್ಲೈಂಟ್, ಇಬ್ಬರೂ ಬೇರೆಬೇರೆ ಹೊತ್ತಲ್ಲಿ ಫೋನ್ ಮಾಡಿ ಇನ್ನೊಬ್ಬನ ಬಗ್ಗೆ ಹೇಳುತ್ತಾರೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಯಿತೋ, ಎರಡೂ ಖಾತೆ ಹೋಯಿತು ಅಂತಲೇ ತಿಳಿ. ಆಸ್ಪತ್ರೆ ಬಾಗಿಲಲ್ಲಿ ಕೂತಿದ್ದೇನೆ. ಒಬ್ಬ ಕ್ಲೈಂಟ್‌ಗೆ ಡೈವೋರ್ಸ್ ಆಗುತ್ತದೆ ಅಂತ ಅವರ ಹೆಂಡತಿಗಿಂತ ಮೊದಲು ನನಗೆ ಗೊತ್ತಾದ ದಿನವೂ ಇದೆ. ಅವತ್ತು ಆಕೆ ಬಂದು "ಎಲ್ಲ ಸರಿ ಇದೆಯಲ್ಲಾ?" ಅಂತ ಕೇಳಿದಾಗ ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

2008ರ ಅಕ್ಟೋಬರ್ ಕತೆ ಹೇಳುತ್ತೇನೆ. ಅಮೆರಿಕದ ದೊಡ್ಡ ಬ್ಯಾಂಕ್ ಲೇಮನ್ ಬ್ರದರ್ಸ್ ಸೆಪ್ಟೆಂಬರ್ 15ಕ್ಕೆ ಮುಳುಗಿತ್ತು. ನನಗೆ ಎರಡು ವರ್ಷದ ಅನುಭವ, ಅಂದರೆ ಏನೂ ಗೊತ್ತಿರಲಿಲ್ಲ. 74 ವರ್ಷದ ಒಬ್ಬರು ದಿನಾ ಬೆಳಿಗ್ಗೆ ಆರಕ್ಕೆ ಫೋನ್ ಮಾಡುತ್ತಿದ್ದರು. ಕೊನೆಗೆ ಒಂದು ದಿನ "ಬಾ ಇಲ್ಲಿ, ಎಲ್ಲ ಮಾರಬೇಕು, ಸಹಿ ಹಾಕ್ತೀನಿ" ಅಂದರು. ಹೋದೆ. ನನ್ನ ಸೀನಿಯರ್ ಒಬ್ಬರು ಇದ್ದರು, ಅವರು ಹೇಳಿಕೊಟ್ಟಿದ್ದ ಒಂದೇ ಒಂದು ವಿದ್ಯೆ ನನ್ನ ಬ್ಯಾಗಿನಲ್ಲಿತ್ತು. ಖಾತೆ ತೆರೆದ ದಿನ ಆ ಹಿರಿಯರ ಕೈಯಿಂದಲೇ ಒಂದು ಹಾಳೆ ಬರೆಸಿದ್ದೆವು: ನನಗೆ ತಿಂಗಳಿಗೆ ಇಷ್ಟು ಬೇಕು, ಮೂರು ವರ್ಷಕ್ಕೆ ಬೇಕಾದಷ್ಟು ಡೆಪಾಸಿಟ್‌ನಲ್ಲಿರಲಿ, ಉಳಿದದ್ದು ಅರ್ಧಕ್ಕೆ ಇಳಿದರೂ ನಾನು ಮುಟ್ಟುವುದಿಲ್ಲ. ಆ ಹಾಳೆ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡರು, ಓದಿದರು. "ಇದು ನನ್ನ ಅಕ್ಷರಾನಾ?" ಅಂದರು. ಹೌದು ಸರ್ ಅಂದೆ. ಲೋಟದ ನೀರು ಪೂರ್ತಿ ಕುಡಿದರು. "ಹಾಗಾದ್ರೆ ಇನ್ನೊಂದು ಹದಿನೈದು ದಿನ ನೋಡೋಣ" ಅಂದರು. ಆ ಹದಿನೈದು ದಿನವನ್ನು ಹೀಗೇ ನಾಲ್ಕೈದು ಸಲ ಮುಂದೆ ಹಾಕಿದೆವು. ಮಾರಲಿಲ್ಲ.

ಅದೇ ಹೊತ್ತಿಗೆ ಇನ್ನೊಬ್ಬರು ಇದ್ದರು. ಅವರಿಂದ ಹಾಳೆ ಬರೆಸಿರಲಿಲ್ಲ, ಟಾರ್ಗೆಟ್ ಅವಸರದಲ್ಲಿ ಸಹಿ ಮಾತ್ರ ಹಾಕಿಸಿದ್ದೆ. ಅಮೆರಿಕದ ಷೇರು ಸೂಚ್ಯಂಕ ಎಸ್ ಅಂಡ್ ಪಿ 500 ಅಕ್ಟೋಬರ್ 2007ರ ಎತ್ತರದಿಂದ 2009ರ ಮಾರ್ಚ್ 9ರ ತಳಕ್ಕೆ ಬರುವಷ್ಟರಲ್ಲಿ ಸುಮಾರು 57% ಇಳಿದಿತ್ತು. ಇವರು ಅದೇ ವಾರ ಎಲ್ಲ ಮಾರಿದರು. ಆಮೇಲೆ ಮಾರ್ಕೆಟ್ ಏರಿದ್ದನ್ನು ದೂರದಿಂದ ನೋಡಿದರು, ಮತ್ತೆ ಯಾವತ್ತೂ ಒಳಗೆ ಬರಲಿಲ್ಲ. ತಪ್ಪು ಅವರದ್ದು ಅಂತ ನಾನು ಬಹಳ ವರ್ಷ ಹೇಳಿಕೊಂಡು ತಿರುಗಿದೆ. ಅಲ್ಲ. ನನ್ನದು.

ಸಾಧಾರಣ ಮನೆಯವನು ಅನ್ನೋದರ ಬಗ್ಗೆ ತಲೆ ಕೆಡಿಸ್ಕೋಬೇಡ. ಅವರ ಸುತ್ತ ಹೌದಪ್ಪಗಳು ಬೇಕಾದಷ್ಟು ಜನ ಇರುತ್ತಾರೆ. ಅವರ ವಾಚು, ಕಾರು ನೋಡಿ ನೀನೂ ಹಾಗೆ ಆಗಲು ಹೊರಟರೆ ಮಾತ್ರ ಕಷ್ಟ. ನನ್ನ ಜೊತೆಯ ಒಬ್ಬ ಕ್ಲೈಂಟ್‌ಗಳ ಲೆವೆಲ್ಲಿಗೆ ಕಾಣಬೇಕು ಅಂತ ಸಾಲ ಮಾಡಿ ಕಾರು ತಗೊಂಡ. ಆ ಕಂತಿಗೋಸ್ಕರ ಏನೇನು ಮಾರಿದ ಅಂತ ಇಲ್ಲಿ ಬರೆಯುವುದಿಲ್ಲ.

ಆ_ಕಡೆ_ಕುರ್ಚಿ:

ನಾನು ಈ ಕೆಲಸದವಳಲ್ಲ. ಟೇಬಲ್ಲಿನ ಆ ಕಡೆ ಕೂರುವವಳು. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ, ದುಡ್ಡಿದೆ ಅಂತ ಹೇಳಿಕೊಂಡರೆ ಜನ ಬೇರೆ ಥರ ನೋಡುತ್ತಾರೆ. ಹೆಸರಿಲ್ಲದ ಜಾಗ ಅಲ್ವಾ, ಪರವಾಗಿಲ್ಲ.

ನಮ್ಮಪ್ಪನಿಗೆ ಒಬ್ಬ ಆರ್‌ಎಂ ಇದ್ದರು. ಹನ್ನೊಂದು ವರ್ಷ. ಅಪ್ಪನಿಗೆ ಅವರ ಮೇಲೆ ತುಂಬಾ ನಂಬಿಕೆ. ಮನೆಗೆ ಬಂದರೆ ಇಬ್ಬರೂ ಒಳಗಿನ ರೂಮಿನಲ್ಲಿ ಕೂರುತ್ತಿದ್ದರು, ಬಾಗಿಲು ಹಾಕಿರುತ್ತಿತ್ತು. ಅಮ್ಮನಿಗೂ ನನಗೂ ಅವರ ಹೆಸರು ಗೊತ್ತಿತ್ತು, ಅವರು ಏನು ಮಾಡುತ್ತಾರೆ ಅಂತ ಗೊತ್ತಿರಲಿಲ್ಲ. ಅಪ್ಪ ಇದ್ದಕ್ಕಿದ್ದ ಹಾಗೆ ಹೋದರು.

ಮೂರು ವಾರದ ನಂತರ ಅವರು ಬಂದರು. ಡೈನಿಂಗ್ ಟೇಬಲ್ಲಿಗೆ ಅಮ್ಮ, ನಾನು, ನನ್ನ ತಮ್ಮ ಕೂತೆವು. ಅಪ್ಪನ ಡ್ರಾಯರಿನಲ್ಲಿ ಸಿಕ್ಕಿದ ಕಾಗದವನ್ನೆಲ್ಲ ಅಮ್ಮ ಒಂದು ಚೀಲದಲ್ಲಿ ತಂದಿಟ್ಟಿದ್ದರು, ಜೊತೆಗೆ ನಾಲ್ಕು ಕೀ, ಯಾವುದು ಯಾವ ಲಾಕರಿನದ್ದು ಅಂತ ಯಾರಿಗೂ ಗೊತ್ತಿಲ್ಲ. ಆರ್‌ಎಂ ಒಂದು ಫಾರಂ ತೆಗೆದು, ಪೆನ್ನು ತೆಗೆದು, ನನ್ನ ತಮ್ಮನ ಎದುರಿಗೆ ಇಟ್ಟರು. ಅವನಿಗೆ ಆಗ 22. ದುಡ್ಡು ಅಮ್ಮನದ್ದು. ಸಹಿ ಅಮ್ಮನದ್ದು ಬೇಕಿತ್ತು. ಪೆನ್ನು ಇಟ್ಟಿದ್ದು ತಮ್ಮನ ಮುಂದೆ. ಆ ಒಂದು ಗಂಟೆಯಲ್ಲಿ ಅವರು ಅಮ್ಮನ ಕಡೆ ನೋಡಿ ಮಾತಾಡಿದ್ದು ಎರಡೇ ಸಲ, ಎರಡೂ ಸಲ "ನೀವೇನೂ ಯೋಚನೆ ಮಾಡಬೇಡಿ ಮೇಡಂ" ಅಂತ.

ಅಮ್ಮ ಆ ವರ್ಷದೊಳಗೆ ಎಲ್ಲವನ್ನೂ ಬೇರೆ ಕಡೆ ಸಾಗಿಸಿದರು. ಆ ಮನುಷ್ಯನಿಗೆ ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲ ಅಂತ ನನ್ನ ಅನಿಸಿಕೆ. ರಿಟರ್ನ್ಸ್ ಕಡಿಮೆ ಅಂತ ಅಂದುಕೊಂಡಿರಬೇಕು. ರಿಟರ್ನ್ಸ್ ಎಷ್ಟಿತ್ತು ಅಂತ ನಾವು ನೋಡಲೂ ಇಲ್ಲ.

ಈಗಿನವರು ಒಬ್ಬ ಹೆಂಗಸು. ಮೊದಲ ದಿನ ಒಂದೂ ಪ್ರಾಡಕ್ಟ್ ಹೆಸರು ಎತ್ತಲಿಲ್ಲ. ಚೀಲದ ಕಾಗದವನ್ನೆಲ್ಲ ಟೇಬಲ್ ಮೇಲೆ ಸುರಿದುಕೊಂಡು ಮೂರು ಗಂಟೆ ವಿಂಗಡಿಸಿದರು, ಅಮ್ಮನ ಕೈಯಲ್ಲೇ ಪಟ್ಟಿ ಬರೆಸಿದರು. ಆಮೇಲೆ ಕೇಳಿದರು, "ಈ ದುಡ್ಡು ನಿಮಗೋಸ್ಕರ ಏನು ಮಾಡಬೇಕು?" ಅಮ್ಮ ಸುಮ್ಮನಿದ್ದರು. ಅವರೂ ಸುಮ್ಮನೆ ಕಾದರು. ನನಗೇ ಇರುಸುಮುರುಸಾಗಿ ನಡುವೆ ಏನೋ ಹೇಳಲು ಹೊರಟೆ, ಅವರು ಕೈಸನ್ನೆಯಲ್ಲೇ ತಡೆದರು. ಕೊನೆಗೆ ಅಮ್ಮ ಅಂದರು: "ನಾನು ಯಾರ ಹತ್ರಾನೂ ಕೇಳೋ ಹಾಗಾಗಬಾರದು. ಮಕ್ಕಳ ಹತ್ರಾನೂ." ನಾನು ಅದನ್ನು ಕೇಳಿದ್ದು ಅವತ್ತೇ ಮೊದಲು. ಇಡೀ ಪ್ಲ್ಯಾನ್ ಆ ಒಂದು ಮಾತಿನ ಮೇಲೆ ನಿಂತಿದೆ.

ನೀವು ಸಾಧಾರಣ ಮನೆಯವರು ಅಂತ ಬರೆದಿದ್ದೀರಿ. ನಮಗೆ ಅದು ಕಾಣುವುದೂ ಇಲ್ಲ. ಪೆನ್ನು ಯಾರ ಮುಂದೆ ಇಡುತ್ತೀರಿ ಅನ್ನುವುದು ಮಾತ್ರ ಕಾಣುತ್ತದೆ.

ಹಳೇ_ನೋಟ್‌ಬುಕ್:

ಮೇಡಂ, ಇದನ್ನು ಓದಿ ಸ್ವಲ್ಪ ಹೊತ್ತು ಕೂತೆ. ನನ್ನ 34ರಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿಯ ಫೋನ್ ನಂಬರ್ ನನ್ನ ಹತ್ತಿರ ಇದೆ ಅಂತ ಈಗ ಎಣಿಸಿದೆ. 21. ಸಾಲದು.

ತಕ್ಕಡಿ:

ನಾನು ಫೀಸ್ ಮಾತ್ರ ತೆಗೆದುಕೊಳ್ಳುವ ಪ್ಲ್ಯಾನರ್. ಕಮಿಷನ್ ಮುಟ್ಟುವುದಿಲ್ಲ. ಪರೀಕ್ಷೆ ಬಗ್ಗೆ ಯಾರೂ ಹೇಳಲಿಲ್ಲ, ಅದನ್ನು ಹೇಳಿ ಇನ್ನೊಂದು ಮಾತಿಗೆ ಬರುತ್ತೇನೆ.

ಸಿಎಫ್‌ಎ ಮೂರು ಹಂತ, ಜೊತೆಗೆ 4,000 ಗಂಟೆ ಸಂಬಂಧಪಟ್ಟ ಕೆಲಸದ ಅನುಭವ ಬೇಕು. ನಿಮ್ಮ ಸಾಲದ ಕೆಲಸ ಅದಕ್ಕೆ ಲೆಕ್ಕಕ್ಕೆ ಬರುವ ಸಾಧ್ಯತೆ ಜಾಸ್ತಿ, ವಿಚಾರಿಸಿ. ಮೊದಲು ಅದು ಹೆಚ್ಚಾಗಿ ಕಂಪನಿ, ಷೇರು, ಬಾಂಡ್ ವಿಶ್ಲೇಷಣೆಯ ಕಡೆ ವಾಲಿತ್ತು. 2025ರಿಂದ ಮೂರನೇ ಹಂತದಲ್ಲಿ ಪ್ರೈವೇಟ್ ವೆಲ್ತ್ ಅಂತಲೇ ಒಂದು ದಾರಿ ಆರಿಸಿಕೊಳ್ಳಬಹುದು. ಸಿಎಫ್‌ಪಿ ಮನೆಯ ಕಡೆಯಿಂದ ನೋಡುತ್ತದೆ: ನಿವೃತ್ತಿ, ತೆರಿಗೆ, ವಿಮೆ, ಆಸ್ತಿ ಮುಂದಿನವರಿಗೆ ದಾಟಿಸುವುದು. ನಿಮ್ಮ ಕೈಯಲ್ಲಿ ಕಂಪನಿ ಓದುವ ವಿದ್ಯೆ ಆಗಲೇ ಇದೆ. ಹಾಗಾಗಿ ನಾನಾಗಿದ್ದರೆ ಸಿಎಫ್‌ಪಿ ಮೊದಲು ಮಾಡುತ್ತಿದ್ದೆ. ಯಾವ ಸರ್ಟಿಫಿಕೇಟೂ ಬಾಗಿಲು ತೆರೆಯುತ್ತದೆ ಅಷ್ಟೇ, ಒಳಗೆ ಕೂರಿಸುವುದಿಲ್ಲ.

ಈಗ ಮುಖ್ಯ ವಿಷಯ. ನಿಮಗೆ ಸಂಬಳ ಯಾರು ಕೊಡುತ್ತಾರೆ ಅಂತ ನೋಡಿ, ಕೆಲಸ ಯಾರದ್ದು ಅಂತ ತಿಳಿಯುತ್ತದೆ. ಪ್ರಾಡಕ್ಟ್ ಮಾಡಿದವರು ಕಮಿಷನ್ ಕೊಟ್ಟರೆ ನೀವು ಅವರ ಕೆಲಸದವರು, ಟೇಬಲ್ಲಿನ ಯಾವ ಕಡೆ ಕೂತರೂ ಅಷ್ಟೇ. ಕ್ಲೈಂಟ್ ನೇರವಾಗಿ ಫೀಸ್ ಕೊಟ್ಟರೆ ಕ್ಲೈಂಟ್ ಕೆಲಸದವರು.

ಫೀಸ್ ಸಣ್ಣದು ಅಂತ ತೋರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. 100 ಇಟ್ಟು ವರ್ಷಕ್ಕೆ 7% ಬೆಳೆದರೆ 30 ವರ್ಷಕ್ಕೆ ಸುಮಾರು 761. ಅದರಲ್ಲಿ ವರ್ಷ ವರ್ಷ 1% ಖರ್ಚಿಗೆ ಹೋಗಿ 6% ಉಳಿದರೆ ಸುಮಾರು 574. ಒಂದೇ ಒಂದು ಪರ್ಸೆಂಟ್ ಕೊನೆಯ ಮೊತ್ತದ ಕಾಲು ಭಾಗವನ್ನು ತಿಂದಿತು. ಈ ಲೆಕ್ಕವನ್ನು ಕ್ಲೈಂಟ್‌ಗೆ ನೀವೇ ಮೊದಲು ತೋರಿಸಿ. ಅವರ ಚಾರ್ಟರ್ಡ್ ಅಕೌಂಟೆಂಟ್ ತೋರಿಸಿದ ಮೇಲೆ ನೀವು ಸಮಜಾಯಿಷಿ ಕೊಡುವುದು ಬೇಡ.

ಇನ್ನೊಂದು. ಸೇರುವ ಮೊದಲು ಕ್ಲೈಂಟ್‌ನ ದುಡ್ಡು, ಷೇರು ಯಾರ ಹತ್ತಿರ ಇರುತ್ತದೆ ಅಂತ ಕೇಳಿ. ಸಲಹೆ ಕೊಡುವವರು, ಆಸ್ತಿ ಇಟ್ಟುಕೊಳ್ಳುವವರು, ಸ್ಟೇಟ್‌ಮೆಂಟ್ ಕಳಿಸುವವರು ಮೂರೂ ಒಬ್ಬರೇ ಆಗಿದ್ದರೆ ಎದ್ದು ಬನ್ನಿ. ಅಮೆರಿಕದಲ್ಲಿ ಹೂಡಿಕೆಯ ಹೆಸರಲ್ಲಿ ಮೋಸ ಮಾಡಿದ ಬರ್ನಾರ್ಡ್ ಮೇಡಾಫ್ ಪ್ರಕರಣ ಇದೇ. 2008ರ ಡಿಸೆಂಬರ್‌ನಲ್ಲಿ ಸಿಕ್ಕಿಬಿದ್ದಾಗ ಸ್ಟೇಟ್‌ಮೆಂಟ್‌ಗಳ ಮೇಲೆ ಸುಮಾರು 65 ಬಿಲಿಯನ್ ಡಾಲರ್ ಇತ್ತು, ಅದರ ಬಹುಪಾಲು ಕಾಗದದ ಮೇಲೆ ಮಾತ್ರ. ಮೋಸ ಹೋದವರಲ್ಲಿ ಏನೂ ತಿಳಿಯದವರು ಮಾತ್ರ ಇರಲಿಲ್ಲ, ದೊಡ್ಡ ಮನೆತನಗಳು, ದತ್ತಿ ಸಂಸ್ಥೆಗಳು, ಬ್ಯಾಂಕುಗಳೂ ಇದ್ದವು. 2009ರಲ್ಲಿ 150 ವರ್ಷ ಜೈಲಾಯಿತು, 2021ರಲ್ಲಿ ಒಳಗೇ ಸತ್ತ. ಜನರನ್ನು ಮರುಳು ಮಾಡಿದ್ದು ಹೆಚ್ಚಿನ ಲಾಭ ಅಲ್ಲ, ಏರಿಳಿತ ಇಲ್ಲದ ಲಾಭ. ಮಾರ್ಕೆಟ್ ಹೇಗೇ ಕುಣಿದರೂ ತಿಂಗಳು ತಿಂಗಳು ನೆಟ್ಟಗೆ ಒಂದೇ ಗೆರೆ.

ಹಳೇ_ನೋಟ್‌ಬುಕ್:

ತಕ್ಕಡಿ ಅವರ ಮಾತು ಬಹುಪಾಲು ಒಪ್ಪುತ್ತೇನೆ, ಒಂದು ಕಡೆ ಮಾತ್ರ ತಕರಾರು. ಫೀಸ್ ತಗೊಂಡ ಕೂಡಲೇ ಕೈ ಶುದ್ಧ ಆಗಲ್ಲ. ನಾನೀಗ ಎಯುಎಂ ಮೇಲೆ ಪರ್ಸೆಂಟ್ ತೆಗೆದುಕೊಳ್ಳುತ್ತೇನೆ, ಕಮಿಷನ್ ಇಲ್ಲ. ಹೋದ ವರ್ಷ ಒಬ್ಬರು ಕೇಳಿದರು: "ನನ್ನ ಹತ್ರ ಒಂದು ದೊಡ್ಡ ಸಾಲ ಇದೆ, ಪೋರ್ಟ್‌ಫೋಲಿಯೋ ಮುರಿದು ತೀರಿಸಿಬಿಡ್ಲಾ?" ತೀರಿಸುವುದೇ ಸರಿ. ಬಡ್ಡಿ ನೋಡಿದರೂ ಸರಿ, ಅವರ ನಿದ್ದೆ ನೋಡಿದರೂ ಸರಿ. ಆದರೆ ತೀರಿಸಿದರೆ ಅವರ ಖಾತೆ ಮೂರನೇ ಒಂದು ಭಾಗ ಖಾಲಿ, ನನ್ನ ಫೀಸೂ ಅಷ್ಟೇ ಖಾಲಿ. ಅವತ್ತು ಸಂಜೆ ಎರಡು ಸಲ ಲೆಕ್ಕ ಹಾಕಿದೆ. ಅವರದ್ದಲ್ಲ, ನನ್ನದು. ಮಾರನೇ ದಿನ ತೀರಿಸಿ ಅಂದೆ. ಆದರೆ ಒಂದು ರಾತ್ರಿ ತಗೊಂಡೆ ಅನ್ನೋದು ನಿಜ ತಾನೆ? ದಾನ ಕೊಡಬೇಕು ಅಂದರೂ ಇದೇ ಪಾಡು, ಮನೆ ಕೊಳ್ಳಬೇಕು ಅಂದರೂ ಇದೇ.

ತಕ್ಕಡಿ:

ಸರಿ, ಒಪ್ಪಿದೆ. ಅದಕ್ಕೇ ನಾನು ವರ್ಷಕ್ಕೆ ಇಷ್ಟು ಅಂತ ಒಂದೇ ಮೊತ್ತ ತಗೊಳ್ಳುವುದು. ಅದರಲ್ಲೂ ಹುಳುಕಿದೆ, ಸುಳ್ಳು ಯಾಕೆ ಹೇಳಲಿ. ಒಮ್ಮೆ ಫೀಸ್ ಬಂದ ಮೇಲೆ ಕೆಲಸ ಕಡಿಮೆ ಮಾಡಿದಷ್ಟೂ ನನಗೆ ಲಾಭ.

ಒಂದೇ_ಸಾಲು:

ಇಬ್ಬರೂ ಇಷ್ಟು ಪ್ರಾಮಾಣಿಕರಾಗಿದ್ದರೆ ನನ್ನ ಮ್ಯಾನೇಜರ್ ನಿಮ್ಮಿಬ್ಬರನ್ನೂ ಮೊದಲ ಸೋಮವಾರವೇ ಮನೆಗೆ ಕಳಿಸುತ್ತಿದ್ದರು.

ಸಾಲದ_ಡೆಸ್ಕ್:

ಎಲ್ಲರಿಗೂ ಥ್ಯಾಂಕ್ಸ್. ಆ ಪೆನ್ನಿನ ವಿಷಯ ತಲೆಯಿಂದ ಹೋಗುತ್ತಿಲ್ಲ. ಒಂದು ಪ್ರಶ್ನೆ ಉಳಿದಿದೆ. ಎರಡನೇ ರೌಂಡ್‌ನಲ್ಲಿ ಒಂದು ಸ್ಲೈಡ್ ತೋರಿಸಿದರು: ಶ್ರೀಮಂತ ಮನೆಗಳಲ್ಲಿ 70% ಎರಡನೇ ತಲೆಮಾರಿಗೆ ದುಡ್ಡು ಕಳೆದುಕೊಳ್ಳುತ್ತವೆ, ಅದಕ್ಕೇ ನಾವು ಬೇಕು ಅಂತ. ಇದು ನಿಜಾನಾ?

ಹಳೇ_ನೋಟ್‌ಬುಕ್:

ಆ 70% ನನ್ನ ಮೊದಲ ಕಂಪನಿಯ ಸ್ಲೈಡಿನಲ್ಲೂ ಇತ್ತು! ಎಲ್ಲರ ಸ್ಲೈಡಿನಲ್ಲೂ ಇದೆ. ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದದ್ದು, ಕೆಳಗೆ ಗಟ್ಟಿ ನೆಲ ಇಲ್ಲ. ಮಾರಲು ಭಯ ಬೇಕು, ಭಯಕ್ಕೆ ಒಂದು ನಂಬರ್ ಬೇಕು.

ನಿಜವಾದ ಮನೆಯ ಕತೆ ಬೇಕಿದ್ದರೆ ಅಮೆರಿಕದ ಹಳೇ ಶ್ರೀಮಂತರಾದ ವ್ಯಾಂಡರ್‌ಬಿಲ್ಟ್ ಮನೆತನದ್ದು ನೋಡು. ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ 1877ರಲ್ಲಿ ತೀರಿಕೊಂಡಾಗ ಸುಮಾರು 10 ಕೋಟಿ ಡಾಲರ್ ಬಿಟ್ಟು ಹೋದ. ಬಹುಪಾಲು ಮಕ್ಕಳಲ್ಲಿ ಒಬ್ಬನಿಗೇ, ವಿಲಿಯಂಗೆ, ಬರೆದಿದ್ದ. ಉಳಿದ ಮಕ್ಕಳಲ್ಲಿ ಕೆಲವರು ಕೋರ್ಟಿಗೆ ಹೋದರು, ಅಪ್ಪನಿಗೆ ಬುದ್ಧಿ ಸರಿ ಇರಲಿಲ್ಲ ಅಂತ ವಾದ ಮಾಡಿಸಿದರು, ಮನೆಯ ಕೊಳೆಯೆಲ್ಲ ಪೇಪರಿನಲ್ಲಿ ಬಂತು. ಆ ವಿಲಿಯಂ 1885ರಲ್ಲಿ ಸಾಯುವಷ್ಟರಲ್ಲಿ ದುಡ್ಡು ಸುಮಾರು ಎರಡರಷ್ಟಾಗಿತ್ತು. ಅಂದರೆ ಎರಡನೇ ತಲೆಮಾರು ಕಳೆದುಕೊಳ್ಳಲಿಲ್ಲ, ಬೆಳೆಸಿತು. ಕರಗಿದ್ದು ಆಮೇಲೆ: ಹಂಚಿಕೆ, ಅರಮನೆಯಂಥ ಮನೆಗಳು, ದುಡಿಯದೆ ಖರ್ಚು ಮಾಡುವ ಕೈಗಳು. ಒಳ್ಳೆ ಷೇರು ಆರಿಸುವವರು ಒಬ್ಬರು ಇದ್ದಿದ್ದರೆ ಇದು ನಿಲ್ಲುತ್ತಿರಲಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಟೇಬಲ್ಲಿಗೆ ಕೂರಿಸಿ, ಅಪ್ಪ ಬದುಕಿರುವಾಗಲೇ "ಹೀಗೆ ಬರೆದಿದ್ದೇನೆ, ಇದು ಕಾರಣ" ಅಂತ ಅವನ ಬಾಯಿಂದಲೇ ಹೇಳಿಸುವವರು ಬೇಕಿತ್ತು. ನನ್ನ ಕೆಲಸದಲ್ಲಿ ಅತಿ ಕಷ್ಟದ ಮೀಟಿಂಗ್ ಅದೇ. 34 ಮನೆಯಲ್ಲಿ ಇಲ್ಲಿಯವರೆಗೆ ಒಂಬತ್ತರಲ್ಲಿ ಮಾಡಿಸಿದ್ದೇನೆ. ಅದರಲ್ಲಿ ಒಂದು ಮೀಟಿಂಗ್ ಹನ್ನೊಂದೇ ನಿಮಿಷಕ್ಕೆ ಮುಗಿಯಿತು, ಮಗಳು ಎದ್ದು ಹೋದಳು. ಎಂಟು ತಿಂಗಳ ಮೇಲೆ ಅವಳೇ ಫೋನ್ ಮಾಡಿ ಇನ್ನೊಂದು ಸಲ ಕೂರೋಣ ಅಂದಳು.

ಸಾಲದ_ಡೆಸ್ಕ್ (ಒಂಬತ್ತು ದಿನದ ನಂತರ):

ಮೂರನೇ ರೌಂಡ್ ಮುಗಿಯಿತು. ಈ ಸಲ ನಾನೇ ಕೇಳಿದೆ. ದುಡ್ಡು ಯಾರ ಹತ್ತಿರ ಇರುತ್ತದೆ ಅಂದೆ, ಬೇರೆ ಬ್ಯಾಂಕ್ ಕಸ್ಟೋಡಿಯನ್, ಸ್ಟೇಟ್‌ಮೆಂಟ್ ಅವರಿಂದಲೇ ನೇರವಾಗಿ ಹೋಗುತ್ತದೆ ಅಂದರು. ಆಮೇಲೆ ಕೇಳಿದೆ: "ನಾನು ಒಬ್ಬ ಕ್ಲೈಂಟ್‌ಗೆ 'ಈ ವರ್ಷ ಏನೂ ಕೊಳ್ಳಬೇಡಿ, ಇರೋದನ್ನೇ ಇಟ್ಕೊಳ್ಳಿ, ಸಾಲ ತೀರಿಸಿ' ಅಂದ್ರೆ ನನಗೆ ಏನಾಗುತ್ತೆ?"

ರೂಮಿನಲ್ಲಿ ಮೂವರಿದ್ದರು. ಇಬ್ಬರು ನಕ್ಕರು. ನಡುವೆ ಕೂತಿದ್ದವರು, ದೊಡ್ಡ ಬಾಸ್ ಅನಿಸುತ್ತದೆ, ನಗಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಮೊದಲ ವರ್ಷ ಏನೂ ಆಗಲ್ಲ. ಎರಡನೇ ವರ್ಷ ನಾನು ನಿಮ್ಮನ್ನ ಕರೆದು ಮಾತಾಡ್ತೀನಿ" ಅಂದರು.

ನಿನ್ನೆ ಆಫರ್ ಬಂತು. ಇನ್ನೂ ಸಹಿ ಹಾಕಿಲ್ಲ.

ಹಳೇ_ನೋಟ್‌ಬುಕ್:

ಆ ಮನುಷ್ಯ ಸುಳ್ಳು ಹೇಳಲಿಲ್ಲ, ಅದು ಒಳ್ಳೆಯದೇ. ಆಫರ್‌ನಲ್ಲಿ ವೇರಿಯಬಲ್, ಅಂದರೆ ಗ್ಯಾರಂಟಿ ಇಲ್ಲದ ಭಾಗ, ಎಷ್ಟಿದೆ?

ಸಾಲದ_ಡೆಸ್ಕ್:

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಹಳೇ_ನೋಟ್‌ಬುಕ್:

ಅದು ಎಯುಎಂ ಮೇಲಾ, ಪ್ರಾಡಕ್ಟ್ ಮೇಲಾ?

ಸಾಲದ_ಡೆಸ್ಕ್:

"ಕಂಪನಿಯ ನೀತಿಯ ಪ್ರಕಾರ" ಅಂತ ಬರೆದಿದ್ದಾರೆ, ಸಣ್ಣ ಅಕ್ಷರದಲ್ಲಿ. ಆ ನೀತಿಯ ಕಾಪಿ ಕೊಡಿ ಅಂತ ಈಗಷ್ಟೇ ಮೇಲ್ ಹಾಕಿದೆ.